ಎಂಟು ವರ್ಷ ಚಿಕ್ಕ ಅಕ್ಕ

ವೆಲಿಂಗ್ಟನ್
೨೧ ಸೆಪ್ಟೆಂಬರ್ ೧೯೮೬

ಪ್ರೀತಿಯ ಪಿರಿಹಿರಾ,

ಒಂದು ಸಂಗತಿಯನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡೇ ಈ ಕಾಗದ ಎತ್ತಿಕೊಂಡೆ. ಕ್ಷೇಮವಾಗಿ ತಲುಪಿದ್ದು, ಬಸ್ಸು ದಾರಿಯಲ್ಲಿ ಕೆಟ್ಟು ನಿಂತದ್ದು, ನೀನು ಕಟ್ಟಿಕೊಟ್ಟ ಕರಿದ ರೊಟ್ಟಿ ನೇಪಿಯರ್ ಬರುವ ಮೊದಲೇ ಮುಗಿದದ್ದು, ಇಷ್ಟು ಬರೆದು ಸಹಿ ಹಾಕಬಹುದಿತ್ತು. ಹೇಳಿಬಿಡುತ್ತೇನೆ. ಪಾರಾತೆನೆ ಮಾವನ ಸಾವಿಗೆ ಬಂದಾಗ ನಾನು ಬೆಳಗಿನಿಂದ ಅಡುಗೆಮನೆಯ ಹಿಂದೆ ಆಲೂಗಡ್ಡೆ ಸುಲಿಯುತ್ತ ಕುಳಿತದ್ದು ಕೆಲಸಕ್ಕಲ್ಲ. ನಿನ್ನ ದನಿ ಕೇಳುವುದಕ್ಕೆ.

ನಾನು ಮುಂದಿನ ಅಂಗಳಕ್ಕೆ ಬಂದರೆ ನೀನು ಬಂದವರನ್ನು ಹಾಡಿನಂಥ ಕೂಗಿನಲ್ಲಿ ಒಳಗೆ ಕರೆಯುವುದನ್ನು ನಿಲ್ಲಿಸುತ್ತೀಯ ಎಂದು ನನಗೆ ಗೊತ್ತಿತ್ತು. ಹಾಗಾಗಿ ಬಕೀಟು ಎಳೆದುಕೊಂಡು ಗೋಡೆಯ ಮರೆಗೆ ಕುಳಿತೆ. ನದಿಯ ಕಡೆಯವರು ಗೇಟಿಗೆ ಬಂದು ನಿಂತಾಗ ನೀನು ಸಭಾಮನೆಯ ಜಗಲಿಯಿಂದ ಅವರನ್ನು ಕರೆದೆ. ಅವರು ಯಾರ ಮಕ್ಕಳು, ಯಾವ ನೀರಿನಿಂದ ಬಂದವರು, ಅವರ ಹಿರಿಯಳು ಯಾವ ಕಾಲದಲ್ಲಿ ನಮ್ಮ ಮನೆಗೆ ಸೊಸೆಯಾಗಿ ಬಂದಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಅವರ ಸತ್ತವರನ್ನೂ ನಮ್ಮ ಸತ್ತವರನ್ನೂ ಒಟ್ಟಿಗೆ ಅಂಗಳಕ್ಕೆ ಬರಮಾಡಿಕೊಂಡೆ. ನನ್ನ ಕೈಯ ಚಾಕು ನಿಂತಿತ್ತು. ಪಕ್ಕದಲ್ಲಿ ಕುಳಿತಿದ್ದ ಹುಡುಗಿ, "ಆಂಟಿ, ಆ ಆಲೂಗಡ್ಡೆ ಇನ್ನು ಸುಲಿದ್ರೆ ಏನೂ ಉಳಿಯಲ್ಲ" ಎಂದಳು. ಎರಡನೆಯ ಗುಂಪು ಬಂದಾಗಲೂ ಹಾಗೇ. ಒಂದು ಮಾತೂ ಮೊದಲಿನ ಹಾಗಿರಲಿಲ್ಲ. ಅವರಿಗೆ ಅವರದೇ ಹಿರಿಯರು.

ಆಮೇಲೆ ಯಾರೋ, ನಿನಗೆ ಕರೆಯಲು ಕಲಿಸಿದ ಮಾಕೆರೆ ಅಜ್ಜಿಗೆ ಶಾಲು ಕೊಟ್ಟುಬಾ ಎಂದರು. ಯೋಚಿಸದೆ ಎದ್ದುಬಂದೆ. ಮೂರನೆಯ ಗುಂಪು ಗೇಟಿನಲ್ಲಿತ್ತು. ನೀನು ಬಾಯಿ ತೆರೆದವಳು ನನ್ನನ್ನು ನೋಡಿ ಮುಚ್ಚಿದೆ. ಹೆಣ್ಣಿನ ದನಿ ಕರೆಯದೆ ಅವರು ಹೆಜ್ಜೆ ಇಡುವಂತಿಲ್ಲ. ತುಂತುರಿನಲ್ಲಿ ನಿಂತೇ ಇದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಅಜ್ಜ ತಾಮಾತಿ ನಿನ್ನ ಅಜ್ಜ ಹಾಮುವೇರಾನ ಅಣ್ಣ. ಆದ್ದರಿಂದ ನಿನಗಿಂತ ಎಂಟು ವರ್ಷ ಚಿಕ್ಕವಳಾದ ನಾನು ನಿನಗೆ ಅಕ್ಕ. ಅಕ್ಕ ಅಂಗಳದಲ್ಲಿರುವಾಗ ತಂಗಿ ಮೊದಲು ಕರೆಯುವುದಿಲ್ಲ. ಹನ್ನೊಂದನೆಯ ವಯಸ್ಸಿಗೆ ಇಂಗ್ಲಿಷ್ ಹಾಸ್ಟೆಲ್ಲಿಗೆ ಹೋದ ಈ ಅಕ್ಕನ ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಕೊನೆಗೆ ಶವಪೆಟ್ಟಿಗೆಯ ಪಕ್ಕದಿಂದ ಮಾಕೆರೆ ಅಜ್ಜಿ ಎದ್ದಳು. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಎರಡು ತಿಂಗಳಾಗಿಲ್ಲ, ಎಂಬತ್ತೊಂದು ವಯಸ್ಸು. ಆ ಹರಿದ ದನಿಯಲ್ಲೇ ಕರೆದಳು. ಎಲ್ಲರೂ ಅತ್ತರು. ನಾನು ಆಸ್ಪತ್ರೆಯ ಔಷಧದಂಗಡಿಯವಳು, ಆ ಒಂದು ಕರೆಗೆ ಅವಳು ಏನು ತೆತ್ತಿರಬಹುದು ಎಂದು ಲೆಕ್ಕ ಹಾಕುತ್ತ ನಿಂತಿದ್ದೆ.

ಮಾರ್ಚಿನಲ್ಲಿ ಹೊಸ ಚಾವಣಿ ಹಾಕಿದ ಸಭಾಮನೆಯ ಪ್ರವೇಶ. ಅಷ್ಟರಲ್ಲಿ ಅಜ್ಜಿಗೆ ಪಿಸುಮಾತೂ ಉಳಿದಿರುವುದಿಲ್ಲ. ನಾನು ಬಂದರೆ ನೀನು ಕರೆಯುವುದಿಲ್ಲ. ನಾನು ಬರದಿದ್ದರೆ, ಅಜ್ಜಿ ಕೊನೆಯ ಸಲ ಕೂರುವ ಆ ಜಗಲಿಯಲ್ಲಿ ನಾನಿರುವುದಿಲ್ಲ. ನಾನು ಬರಬೇಕು, ನೀನೇ ಕರೆಯಬೇಕು. ಎರಡೂ ಆಗಲು ದಾರಿ ಇದೆಯೇ?

ನಿನ್ನ
ಹೂರಿಯಾ


ಓಮಾಹಿನಾ
೬ ಅಕ್ಟೋಬರ್ ೧೯೮೬

ಹೂರಿಯಕ್ಕಾ,

ನನಗೆ ನಿನ್ನ ಹಾಗೆ ಬರೆಯೋಕೆ ಬರಲ್ಲ. ಮಾತಾಡಿದ ಹಾಗೇ ಬರೀತೀನಿ, ನೀನೇ ಚುಕ್ಕೆ ಗಿಕ್ಕೆ ಹಾಕ್ಕೋ.

ಆಲೂಗಡ್ಡೆ ವಿಷ್ಯ ನನಗೆ ಆವತ್ತೇ ಗೊತ್ತಿತ್ತು. ಅಷ್ಟು ನುಣ್ಣಗೆ ಸುಲಿಯೋರು ನಮ್ಮಲ್ಲಿ ಯಾರೂ ಇಲ್ಲ. ಅಡುಗೆಮನೆ ಹೆಂಗಸರು ಇನ್ನೂ ಆಡ್ಕೊಂಡು ನಗ್ತಿದಾರೆ, "ಪಟ್ಟಣದ ಅಕ್ಕ ಬಂದ್ರೆ ಗೋಲಿ ಸಾರು" ಅಂತ.

ಅಜ್ಜಿ ಚೆನ್ನಾಗಿದಾಳೆ. ಡಾಕ್ಟರು ಮಾತೇ ಆಡಬಾರ್ದು ಅಂದ್ರೆ, "ಆಯ್ತಪ್ಪ, ಬೈಯೋದು ಮಾತ್ರ ಮಾಡ್ತೀನಿ" ಅಂತ ಪಿಸುಗುಟ್ಟಿದಳು. ದಿನಾ ಮಸ್ಸೆಲ್ ಚಿಪ್ಪಿನ ಸಾರು ಕೇಳ್ತಾಳೆ.

ನೀನು ಕೇಳಿದ್ದಕ್ಕೆ ಏನು ಹೇಳ್ಲಿ? ನೀನು ನಿಂತಿದ್ರೆ ನನ್ನ ಗಂಟಲು ತೆಗೆಯಲ್ಲ. ಬೇಕು ಅಂತ ಮಾಡಿದ್ದಲ್ಲ ಕಣೇ. ಬಾಯಿ ತೆಗೆದೆ, ಗಾಳಿ ಬಂತು, ದನಿ ಬರ್ಲಿಲ್ಲ. ನೀನು ಚಿಕ್ಕ ಹುಡುಗಿಯಾಗಿದ್ದಾಗ ನಿನ್ನ ಮೂಗು ಒರೆಸಿದ್ದು ನಾನೇ, ಆವಾಗ್ಲೂ ಅಕ್ಕಾ ಅಂತ ಕರ್ಕೊಂಡೇ ಒರೆಸ್ತಿದ್ದೆ. ನೀನು ಅಂಗಳಕ್ಕೆ ಬಂದಾಗ ಒಬ್ಳೇ ಬರಲ್ಲ. ನಿನ್ನ ಹಿಂದೆ ತಾಮಾತಿ ಅಜ್ಜ, ಅವರಪ್ಪ, ಅವರಪ್ಪ, ಎಲ್ಲಾ ಬಂದು ನಿಲ್ತಾರೆ. ಅವರನ್ನ ದಾಟಿ ನಾನು ಹೆಂಗೆ ಬಾಯಿ ಹಾಕ್ಲಿ?

ಮಾರ್ಚಿಗೆ ಇನ್ನೂ ಟೈಮಿದೆ. ಕಲ್ತ್ಕೋ.

ನಿನ್ನ ತಂಗಿ (ನಿನಗಿಂತ ಮುದುಕಿ, ನಿನಗಿಂತ ದಪ್ಪ)
ಪಿರಿಹಿರಾ


ವೆಲಿಂಗ್ಟನ್
೨ ನವೆಂಬರ್ ೧೯೮೬

ಪ್ರೀತಿಯ ಪಿರಿಹಿರಾ,

"ಕಲ್ತ್ಕೋ" ಎಂದು ಎಷ್ಟು ಸುಲಭವಾಗಿ ಬರೆದೆ. ನಮ್ಮ ಭಾಷೆ ಕಲಿಸುವ ಸಂಜೆಯ ತರಗತಿಗೆ ಹೋಗುತ್ತಿದ್ದೇನೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮೇಷ್ಟ್ರು ನನ್ನ ವಾಕ್ಯಗಳು ವ್ಯಾಕರಣಬದ್ಧವಾಗಿವೆ ಎಂದು ಹೊಗಳಿ, "ಔಷಧದ ಸೀಸೆ ಮೇಲೆ ಅಂಟಿಸೋ ಹಾಗಿವೆ" ಎಂದು ಸೇರಿಸಿದ. ಈ ಭಾಷೆಯಲ್ಲಿ ನಾನು ಇನ್ನೂ ಯಾರನ್ನೂ ಗದರಿಸಿಲ್ಲ, ಯಾರಿಗೂ ಸುಳ್ಳು ಹೇಳಿಲ್ಲ. ಸತ್ತವರನ್ನು ಕರೆಯುವುದು ಹೇಗೆ?

ನೀನು ಕಲಿತದ್ದು ಹೇಗೆಂದು ನನಗೆ ನೆನಪಿದೆ. ಬೇಸಿಗೆಯ ರಜೆಯಲ್ಲಿ ನಾನು ದಡದ ಬಂಡೆಯ ಮೇಲೆ ಇಂಗ್ಲಿಷ್ ಪುಸ್ತಕ ಹಿಡಿದು ಕುಳಿತಿರುತ್ತಿದ್ದೆ. ನೀನೂ ಅಜ್ಜಿಯೂ ಸೊಂಟದವರೆಗೆ ನೀರಿನಲ್ಲಿ ನಿಂತು ಚಿಪ್ಪು ಕೀಳುತ್ತಿದ್ದಿರಿ. ಪ್ರತಿ ಅಲೆ ಏಳುವಾಗಲೂ ಅಜ್ಜಿ, "ಈಗ!" ಎನ್ನುತ್ತಿದ್ದಳು. ನೀನು ಕೂಗುತ್ತಿದ್ದೆ. "ಅಲೆ ನಿನಗೋಸ್ಕರ ಸುಮ್ನಾಗಲ್ಲ ಮಗಾ, ಅದರ ಮೇಲೆ ಹತ್ತಿ ಹೋಗು" ಎಂದು ಅವಳು ತಿದ್ದುತ್ತಿದ್ದಳು. ಒಂದು ಇಡೀ ಬೇಸಿಗೆ ಅಲೆಯೇ ಗೆದ್ದಿತು. ಮರುವರ್ಷ ನಾನು ಪುಟ ತಿರುಗಿಸುವುದನ್ನು ನಿಲ್ಲಿಸಿ ತಲೆ ಎತ್ತಿದೆ, ಸಮುದ್ರದ ಸದ್ದಿನ ಮೇಲೆ ನಿನ್ನ ದನಿ ನಿಂತಿತ್ತು. ಇಂಥ ದನಿಯನ್ನು ನನ್ನ ಹುಟ್ಟು ತಡೆಯುವುದೆಂದರೆ ನನಗೆ ಅರ್ಥವಾಗುವುದಿಲ್ಲ. ಅರ್ಥವಾಗಬೇಕೋ ಏನೋ. ಇಬ್ಬರು ಹುಡುಗರಲ್ಲಿ ಒಬ್ಬ ಮೊದಲು ಹುಟ್ಟಿದ, ಇನ್ನೊಬ್ಬ ಆಮೇಲೆ ಹುಟ್ಟಿದ. ನೂರು ವರ್ಷದ ನಂತರ ಮಳೆಯಲ್ಲಿ ನಿಂತ ನೆಂಟರು ಅದರಿಂದ ಒದ್ದೆಯಾಗಬೇಕೆ?

ಯೋಚಿಸಿ ಒಂದು ಕೆಲಸ ಮಾಡಿದ್ದೇನೆ. ಸಭಾಮನೆಯ ಸಮಿತಿಗೆ ಪತ್ರ ಬರೆದು, ನನ್ನ ಹಿರಿತನದ ಹಕ್ಕನ್ನು ಬಿಟ್ಟುಕೊಡುತ್ತಿದ್ದೇನೆ, ಇನ್ನು ಮುಂದೆ ಪಿರಿಹಿರಾಳನ್ನೇ ಹಿರಿಯಳೆಂದು ತಿಳಿಯಬೇಕು ಎಂದು ಕೇಳಿಕೊಂಡಿದ್ದೇನೆ. ಇವತ್ತಿನ ಅಂಚೆಯಲ್ಲಿ ಅದೂ ಹೋಗುತ್ತದೆ. ಈ ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಿದೆ ಎಂದು ಹಗುರವಾಗಿದ್ದೇನೆ. ಇನ್ನು ನೀನು ಆರಾಮಾಗಿ ಬಾಯಿ ತೆರೆಯಬಹುದು.

ನಿನ್ನ
ಹೂರಿಯಾ


ಓಮಾಹಿನಾ
೩೦ ನವೆಂಬರ್ ೧೯೮೬

ಹೂರಿಯಾ,

ನಿನ್ನ ಪತ್ರ ಸಮಿತಿಲಿ ಓದಿದ್ರು. ಗಟ್ಟಿಯಾಗಿ. ಮಧ್ಯೆ ಚಹಾ ಬಂತು, ಯಾರೂ ಲೋಟ ಮುಟ್ಲಿಲ್ಲ. ಮಾಕೆರೆ ಅಜ್ಜಿ ಮೂಲೇಲಿ ಕೂತಿದ್ಲು. ಮೊದಲು ಅರ್ಥ ಆಗ್ಲಿಲ್ಲ, ಇನ್ನೊಂದು ಸಲ ಓದಿಸಿದ್ಲು. ಆಮೇಲೆ ನಕ್ಕಳು ನೋಡು, ಕೆಮ್ಮು ಹತ್ಕೊಂಡು ನೀರು ಕುಡಿಸ್ಬೇಕಾಯ್ತು. "ಅಕ್ಕ ಆಗಿರೋದಕ್ಕೆ ರಾಜೀನಾಮೆ ಕೊಟ್ಳಾ? ನಾಳೆ ಮೂಗಿಗೂ ಕೊಡ್ತಾಳೆ ಬಿಡು." ಎಲ್ಲಾರೂ ನಕ್ಕರು. ನಾನೊಬ್ಳು ನಗ್ಲಿಲ್ಲ.

ಪ್ರತಿ ಏಪ್ರಿಲ್‌ನಲ್ಲಿ ನಿನಗೆ ಒಂದು ಮೂಟೆ ಸಿಹಿಗೆಣಸು ಬಸ್ಸಲ್ಲಿ ಬರುತ್ತಲ್ಲ, ಅದು ಏನು ಅಂದ್ಕೊಂಡಿದೀಯ? ತಂಗಿ ಪ್ರೀತಿಯಿಂದ ಕಳ್ಸಿದ ತಿಂಡಿ ಅಂತಾನಾ? ಹೊಲದಲ್ಲಿ ಮೊದಲು ಅಗೆದ ಗೆಣಸು ಅದು. ಮೊದಲು ಕಿತ್ತದ್ದು ಹಿರಿಯ ಮನೆಗೆ ಹೋಗ್ಬೇಕು, ಆಮೇಲೆ ನಾವು ಬಾಯಿಗೆ ಹಾಕೋದು. ನಿಮ್ಮಮ್ಮ ಇರೋವರೆಗೂ ನಮ್ಮಮ್ಮ ಕಳಿಸಿದ್ಲು. ಅವರಿಬ್ರೂ ಹೋದ್ಮೇಲೆ ನಾನು. ಮಳೆ ಬರ್ಲಿ ಹುಳ ಹಿಡೀಲಿ, ನಿನ್ನ ಮೂಟೆ ಹೋಗದೆ ನಮ್ಮನೇಲಿ ಒಂದು ಗೆಣಸು ಬೆಂದಿಲ್ಲ. ನನ್ನ ಗಂಡ ರೇಗಿಸ್ತಾನೆ, "ನಿನ್ನ ಮಹಾರಾಣಿ ಬಸ್ಸು ಹೊರಡ್ತಾ, ನಾವು ಉಣ್ಬೋದಾ?" ಅಂತ.

ನೀನು ಅಕ್ಕ ಅಲ್ಲ ಅಂದ್ರೆ ಇಷ್ಟು ವರ್ಷ ನಾನು ಯಾರಿಗೆ ಕಳಿಸ್ದೆ? ನಾನು ಯಾರ ತಂಗಿ? ನಾನು ಅಂಗಳದಲ್ಲಿ ನಿಂತು ಬಂದೋರಿಗೆಲ್ಲಾ ಅವರವರ ಹಿರಿಯರನ್ನ ಹೆಸರು ಹಿಡಿದು ಕರೀತೀನಿ. ನನ್ನ ಹಿರಿಯಳು ಅಂಚೇಲಿ ಕೈ ತೊಳ್ಕೊಂಡ್ಳು. ನಿನ್ನ ಇಂಗ್ಲಿಷ್ ಸ್ಕೂಲಲ್ಲಿ ಇದನ್ನ ದೊಡ್ಡ ಮನಸ್ಸು ಅಂತಾರೇನೋ. ನನಗೆ ಜಾಗ ಕೊಡೋಕೆ ನೀನು ಮೇಲಿಂದ ಎದ್ದುಹೋದ್ರೆ ಚಾವಣಿನೇ ನನ್ನ ತಲೆ ಮೇಲೆ ಬೀಳುತ್ತೆ.

ಇಷ್ಟೇ.

ಪಿರಿಹಿರಾ


ವೆಲಿಂಗ್ಟನ್
೧೮ ಜನವರಿ ೧೯೮೭

ಪ್ರೀತಿಯ ಪಿರಿಹಿರಾ,

ಕ್ರಿಸ್‌ಮಸ್ ಕಳೆಯಿತು. ನಾನು ಬರೆದ ಎರಡು ಕಾಗದಗಳು ಮೇಜಿನ ಮೇಲೆಯೇ ಇವೆ. ಎರಡರಲ್ಲೂ ವಿವರಣೆ ಹೆಚ್ಚಾಗಿತ್ತು, ಹರಿದುಹಾಕುತ್ತೇನೆ.

ಆ ಗೆಣಸನ್ನು ಪ್ರತಿವರ್ಷ ಆಸ್ಪತ್ರೆಯ ನರ್ಸುಗಳಿಗೆ ಹಂಚುತ್ತಿದ್ದೆ. ಒಬ್ಬಳಿಂದ ಇಷ್ಟು ತಿನ್ನಲಾಗುತ್ತದೆಯೇ ಎಂದುಕೊಂಡು. ಅವರು ಏಪ್ರಿಲ್ ಬಂದರೆ "ಹೂರಿಯಾ, ನಿಮ್ಮ ತಂಗಿ ಕಳಿಸಿದ್ರಾ?" ಎಂದು ಕೇಳುತ್ತಾರೆ. ಅಮ್ಮಂದಿರಿಬ್ಬರೂ ಹೋದ ಮೇಲಿನ ಹದಿನಾಲ್ಕು ವರ್ಷ ನೀನು ನನ್ನನ್ನು ಅಕ್ಕನ ಜಾಗದಲ್ಲಿ ಇಟ್ಟಿದ್ದೆ, ಆ ಜಾಗ ಇದೆಯೆಂದು ನನಗೇ ತಿಳಿಯದಿದ್ದಾಗಲೂ. ನಾನು ನಿನ್ನ ದನಿಯನ್ನು ಮೆಚ್ಚುತ್ತಿದ್ದೆ. ಅದಕ್ಕಿಂತ ದೊಡ್ಡದನ್ನು ನೀನು ಸದ್ದಿಲ್ಲದೆ ಮಾಡುತ್ತಿದ್ದೆ.

ಸಮಿತಿಗೆ ಬರೆದಿದ್ದೇನೆ, ಒಂದೇ ಸಾಲು: ಹಿಂದಿನ ಪತ್ರವನ್ನು ವಾಪಸು ತೆಗೆದುಕೊಂಡಿದ್ದೇನೆ. ಅಜ್ಜಿ ಮತ್ತೆ ನಗಲಿ, ಆದರೆ ಕೆಮ್ಮದಿರಲಿ.

ಈಗ ಅಕ್ಕನಾಗಿಯೇ ಕೇಳುತ್ತೇನೆ. ನನಗೆ ಅಜ್ಜಿಯ ಹಾಗೆ, ನಿನ್ನ ಹಾಗೆ ಕರೆಯಲು ಬರುವುದಿಲ್ಲ, ಮಾರ್ಚಿಗೂ ಬರುವುದಿಲ್ಲ. ಅದನ್ನು ನಟಿಸಿ ಬಂದವರಿಗೂ ಸತ್ತವರಿಗೂ ಅವಮಾನ ಮಾಡಲಾರೆ. ಬಾಯಿಲ್ಲದ ಅಕ್ಕ ಅಂಗಳದಲ್ಲಿ ಏನು ಮಾಡಬೇಕು? ಇದಕ್ಕೆ ಹಿಂದಿನವರು ಏನಾದರೂ ಮಾಡಿರಬೇಕಲ್ಲ. ಅಜ್ಜಿಯನ್ನು ಕೇಳು.

ಅಕ್ಕ
ಹೂರಿಯಾ


ಓಮಾಹಿನಾ
೧೦ ಫೆಬ್ರುವರಿ ೧೯೮೭

ಹೂರಿಯಕ್ಕಾ,

ನರ್ಸುಗಳಿಗೆ ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಹಿರಿಯ ಮನೆ ಅಂದ್ರೆ ಹಂಚೋದೇ ಕೆಲಸ ಅಂತ ಅಜ್ಜಿ ಅಂದ್ಲು. ತಿಳೀದೇನೇ ಸರಿಯಾಗಿ ಮಾಡಿದೀಯ. ಜಾಸ್ತಿ ಬೀಗಬೇಡ.

ನಿನ್ನ ಪ್ರಶ್ನೆ ಅಜ್ಜಿಗೆ ಓದಿ ಹೇಳ್ದೆ. ಕಣ್ಣು ಮುಚ್ಚಿ ಕೂತ್ಲು. ಮಲಗಿಬಿಟ್ಲು ಅಂದ್ಕೊಂಡು ನಾನು ಮೀನು ಕ್ಲೀನ್ ಮಾಡೋಕೆ ಎದ್ದೆ. "ಕೂತ್ಕೋ" ಅಂದ್ಲು. ಒಂದೊಂದೇ ಮಾತು, ಕಿವಿ ಅವಳ ಬಾಯಿಗಿಟ್ಟು ಕೇಳ್ದೆ.

ಅಜ್ಜಿಗೊಬ್ಳು ಅಕ್ಕ ಇದ್ಲಂತೆ, ತಿರಿಪಾ. ನಮಗ್ಯಾರಿಗೂ ಗೊತ್ತಿರ್ಲಿಲ್ಲ ನೋಡು. ದೊಡ್ಡ ಜ್ವರ ಬಂದು ಕಿವಿ ಹೋಯ್ತು ಅವಳಿಗೆ, ಇಪ್ಪತ್ತರ ವಯಸ್ಸಲ್ಲಿ. ತನ್ನ ದನಿ ತನಗೇ ಕೇಳಲ್ಲ, ಹೆಂಗೆ ಕರೀತಾಳೆ? ಆದ್ರೆ ಅವಳು ಇರೋವಾಗ ಅಜ್ಜಿ ಬಾಯಿ ತೆಗೆಯೋ ಹಾಗಿಲ್ಲ. ಜನ ಗೇಟಲ್ಲಿ. ಆವಾಗ ತಿರಿಪಾ ಜಗಲಿ ಮುಂದಕ್ಕೆ ಬಂದು, ಬಂದೋರ ಕಡೆ ಅಲ್ಲ, ತಂಗಿ ಕಡೆ ತಿರುಗಿ ತಂಗೀನ ಕರೆದ್ಲಂತೆ. ಎಲ್ಲಾರ ಎದುರಿಗೆ. ಎಲ್ಲಿಗೋ ಹೋದ, ಒಡೆದ ದನೀಲಿ, ಒಂದೇ ಸಾಲು. ತಂಗಿ ಮುಂದೆ ಬಂದ್ಲು, ಅಕ್ಕ ಅವಳ ಎಡಗಡೆ ನಿಂತ್ಲು. ಆಮೇಲೆ ಅಜ್ಜಿ ಕರೆದಿದ್ದೆಲ್ಲಾ ಇಬ್ರ ಕರೆ. ಮೊದಲ ದನಿ ಅಕ್ಕಂದೇ ಆಯ್ತಲ್ಲ.

"ದನಿ ಚೆನ್ನಾಗಿತ್ತಾ?" ಅಂತ ಕೇಳ್ದೆ. "ಕತ್ತು ಹಿಚುಕಿದ ಕೋಳಿ ಹಾಗಿತ್ತು" ಅಂದ್ಲು ಅಜ್ಜಿ. "ನಾನು ಆಮೇಲೆ ಐವತ್ತು ವರ್ಷ ಕರೆದೆ. ಅಂಥದ್ದೊಂದು ನನಗೆ ಬರ್ಲೇ ಇಲ್ಲ."

ಅಷ್ಟು ಹೇಳಿ ಮಲಗಿದ್ಲು. ಎಚ್ಚರ ಆದ್ಮೇಲೆ ಇನ್ನೊಂದು ಹೇಳಿದ್ಲು: "ಅವಳಿಗೆ ಬರ್ಕೊಟ್ಟು ಬಾಯಿಪಾಠ ಮಾಡಿಸ್ಬೇಡ. ಅವಳದೇ ಮಾತಾಗ್ಬೇಕು. ನೀನು ಮೊದಲೇ ಕೇಳಿರಬಾರ್ದು." ಹಂಗಾಗಿ ನನ್ನ ಏನೂ ಕೇಳ್ಬೇಡ. ಪ್ರವೇಶ ಮಾರ್ಚ್ ಹದಿನಾಲ್ಕನೇ ತಾರೀಕು ಶನಿವಾರ. ಬೆಳಗಾಗೋ ಮುಂಚೆ ಜನ ಗೇಟಲ್ಲಿ ಇರ್ತಾರೆ, ಐದು ಬಸ್ಸು ಬರ್ತಿವೆ. ನೀನು ಕರೀದಿದ್ರೆ ನಾನು ಮುಂದೆ ಬರಲ್ಲ, ಅದಂತೂ ತಿಳ್ಕೋ.

ತಂಗಿ
ಪಿರಿಹಿರಾ


ವೆಲಿಂಗ್ಟನ್
೧೧ ಮಾರ್ಚ್ ೧೯೮೭

ಪ್ರೀತಿಯ ಪಿರಿಹಿರಾ,

ನಾಳೆ ಬಸ್ಸು ಹತ್ತುತ್ತೇನೆ. ನನ್ನ ನೀಲಿ ಸೂಟ್‌ಕೇಸಿನಲ್ಲಿ ಕಪ್ಪು ಉಡುಪು ಇದೆ, ಅಜ್ಜಿಗೆ ಗಂಟಲಿನ ಔಷಧವಿದೆ, ನಿನ್ನ ಗಂಡನಿಗೆ ಒಂದು ಒಳ್ಳೆಯ ಚಾಕು ಇದೆ.

ಕಳೆದ ನಾಲ್ಕು ವಾರ ಊಟದ ಹೊತ್ತಿನಲ್ಲಿ ಆಸ್ಪತ್ರೆಯ ಕಾರು ನಿಲ್ಲಿಸುವ ನೆಲಮಾಳಿಗೆಗೆ ಹೋಗಿ, ಕಾರಿನ ಗಾಜು ಏರಿಸಿಕೊಂಡು ಕೂಗುತ್ತಿದ್ದೆ. ಎರಡನೆಯ ದಿನವೇ ಕಾವಲಿನವನು ಗಾಜು ತಟ್ಟಿದ. ಸೇಫೋ ಎಂದು ಹೆಸರು, ಸಮೋವಾದವನು. "ಮೇಡಂ, ಡಾಕ್ಟರನ್ನ ಕರೀಲಾ?" ಎಂದ. ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು, "ಕಾರೊಳಗೆ ಕೂತು ಕರೆದ್ರೆ ಕಾರಷ್ಟೇ ಬರುತ್ತೆ, ಕೆಳಗಿಳೀರಿ" ಎಂದ. ಮರುದಿನದಿಂದ ಅವನು ಇಳಿಜಾರಿನ ಬಾಯಲ್ಲಿ ನಿಂತು, ಬರುವ ಕಾರುಗಳನ್ನು ಐದು ನಿಮಿಷ ತಡೆಯುತ್ತಿದ್ದ. ಒಬ್ಬ ದೊಡ್ಡ ಡಾಕ್ಟರು ಏನು ನಡೆಯುತ್ತಿದೆ ಎಂದು ಕೇಳಿದರೆ, "ರಿಪೇರಿ ನಡೀತಿದೆ ಸರ್" ಎಂದನಂತೆ. ಸುಳ್ಳಲ್ಲ.

ಬರೆಯಲೇಬೇಕಾದ್ದು ಇನ್ನೊಂದಿದೆ. ಇಷ್ಟು ತಿಂಗಳು ನಾನು ನಿನಗೆ ದಾರಿ ಬಿಡಬೇಕೆಂದು ಹೇಳುತ್ತಿದ್ದೆನಲ್ಲ, ಅದರೊಳಗೆ ಒಂದು ಆಸೆ ಅಡಗಿತ್ತು: ನಾನೂ ಒಮ್ಮೆ ಕರೆಯಬೇಕು. ನಿನ್ನ ಹಾಗೆ ಅಲ್ಲ. ಒಂದೇ ಸಲ, ಒಬ್ಬಳನ್ನೇ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ಅರ್ಹತೆಯಿಲ್ಲದವಳ ಆಸೆ ಎಂದುಕೊಂಡಿದ್ದೆ. ತಿರಿಪಾ ಅಜ್ಜಿಯ ಕಥೆ ಓದಿದಂದು ಆ ನಾಚಿಕೆ ಅರ್ಧ ಹೋಯಿತು. ಅರ್ಧ ಇನ್ನೂ ಇದೆ. ಶನಿವಾರ ಅದನ್ನೂ ಜಗಲಿಗೆ ಕರೆದುಕೊಂಡೇ ಬರುತ್ತೇನೆ.

ನನ್ನ ಸಾಲನ್ನು ಮೇಷ್ಟ್ರಿಗೆ ತೋರಿಸಿಲ್ಲ. ತಪ್ಪಿದ್ದರೆ ಇರಲಿ. ಇಲ್ಲಿ ಬರೆಯುತ್ತೇನೆ:

ಬಾ ನನ್ನ ತಂಗಿಯೇ, ಬಾ. ನನ್ನ ಹಿರಿಯರನ್ನು ನನಗಾಗಿ ಕಾಯ್ದವಳೇ, ಈ ಬಂದವರಿಗೂ ಅವರಿಗೂ ನಡುವೆ ಬಂದು ನಿಲ್ಲು, ಬಾ.

ಶನಿವಾರ ಏನಾಗುತ್ತದೋ ನನಗೆ ಗೊತ್ತಿಲ್ಲ. ಐದು ಬಸ್ಸಿನ ಜನ ಕತ್ತಲಲ್ಲಿ ನಿಂತಿರುತ್ತಾರೆ. ಗಾಳಿ ಬಂದು ದನಿ ಬರದೆ ಹೋಗಬಹುದು. ಬಂದು ನಡುವೆ ಒಡೆಯಬಹುದು. ಒಡೆದರೆ ಕೇಳಿದ್ದಷ್ಟಕ್ಕೇ ನೀನು ಮುಂದೆ ಬರುತ್ತೀಯ, ನನ್ನನ್ನು ಕಾಯಿಸುವುದಿಲ್ಲ ಎಂದು ನಂಬಿದ್ದೇನೆ. ಏನೂ ಬರದಿದ್ದರೆ, ಬರಬೇಕಿದ್ದದ್ದು ಇದು.

ಆದರೆ ನೀನು ಇದನ್ನು ಕಣ್ಣಿಗಿಂತ ಮೊದಲು ಕಿವಿಯಲ್ಲಿ ಕೇಳಬೇಕು ಎಂದು ಅಜ್ಜಿ ಹೇಳಿದ್ದಾಳೆ. ಆದ್ದರಿಂದ ಲಕೋಟೆ ಅಂಟಿಸಿ, ವಿಳಾಸ ಬರೆದು, ಅಂಚೆಚೀಟಿ ಹಚ್ಚಿ ನನ್ನ ಕೋಟಿನ ಒಳಜೇಬಿನಲ್ಲೇ ಇಟ್ಟುಕೊಂಡು ನಿನ್ನ ಪಕ್ಕ ನಿಲ್ಲುತ್ತೇನೆ. ಕರೆದಿರಲಿ, ಕರೆಯಲಾಗದೆ ಇರಲಿ, ವಾಪಸು ಬರುವ ದಾರಿಯಲ್ಲಿ ಗಿಸ್ಬರ್ನ್ ಊರಿನ ಅಂಚೆಪೆಟ್ಟಿಗೆಗೆ ಹಾಕುತ್ತೇನೆ.

ನಿನ್ನ ಅಕ್ಕ
ಹೂರಿಯಾ

ಅಂಚೆಗೆ ಹಾಕುವುದು: ಸೋಮವಾರ, ೧೬ ಮಾರ್ಚ್ ೧೯೮೭.